ಟಿಕ್ ನಿಲ್ಲಿಸಬೇಕೋ ಬೇಡವೋ ಎಂದು ಕೇಳುವವರಿಗೆ

“ಕೆಲಸವಿಲ್ಲದ ಪ್ರೊಸೆಸರಿಗೆ ಟೈಮರ್ ಇಂಟರಪ್ಟ್ ನಿಲ್ಲಿಸುವುದು ಒಳ್ಳೆಯದೋ ಕೆಟ್ಟದ್ದೋ, ಒಂದೇ ಮಾತಿನಲ್ಲಿ ಹೇಳಿ ಮಾರಾಯರೇ.” ಕುಂಬಳೆಯಿಂದ ಮುಳ್ಳೇರಿಯದವರೆಗೆ, ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಂಡ ಪರಿಚಯದವರೆಲ್ಲ ನನ್ನಲ್ಲಿ ಕೇಳುವುದು ಇದನ್ನೇ. ಗಡಿಯಾರದ ಯಂತ್ರಾಂಶ ನಿಗದಿತ ಹೊತ್ತಿಗೊಮ್ಮೆ ಪ್ರೊಸೆಸರನ್ನು ತಡೆದು ಎಚ್ಚರಿಸುವ ಸಂಕೇತವೇ ಈ ಟೈಮರ್ ಇಂಟರಪ್ಟ್; ಅದನ್ನೇ ಟಿಕ್ ಎನ್ನುವುದು. ಕೇರಳದ ಸರಕಾರಿ ಶಾಲೆಗಳಲ್ಲಿ ಕಂಪ್ಯೂಟರನ್ನು ಲಿನಕ್ಸ್ ಬಳಸಿಯೇ ಕಲಿಸುವುದರಿಂದ ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಕೇಳುತ್ತಾರೆ. ಮಕ್ಕಳು ಕೇಳಿದರೆ ನನಗೆ ಸಂತೋಷವೇ. ಸಿಟ್ಟು ಬರುವುದು ದೊಡ್ಡವರ ಆ “ಒಂದೇ ಮಾತಿನಲ್ಲಿ” ಎಂಬುದಕ್ಕೆ. ಸರಿ, ಒಂದೇ ಮಾತು: ನಿಲ್ಲಲಿ. ನಿಮ್ಮ ಕರ್ನಲ್ (ಲಿನಕ್ಸಿನ ತಿರುಳು) ಅದನ್ನು ಆಗಲೇ ನಿಲ್ಲಿಸುತ್ತಿದೆ, ನೀವು ಕೈಹಾಕಬೇಡಿ. ಕಾರಣ ಬೇಕಾದವರು ಮುಂದೆ ಓದಿ.

ಹಿಂದೆ ಟಿಕ್ ಎಂಬುದು ಬಿಡುವಿಲ್ಲದೆ ಬರುತ್ತಿತ್ತು. ಲಿನಕ್ಸ್‌ನ 2.6.0 ಆವೃತ್ತಿಯಲ್ಲಿ ಇಂಟೆಲ್ ಮಾದರಿಯ ಯಂತ್ರಗಳಿಗೆ ಸೆಕೆಂಡಿಗೆ 100 ಇದ್ದದ್ದು 1000ಕ್ಕೆ ಏರಿತು; 2005ರ 2.6.13ರಲ್ಲಿ 250ಕ್ಕೆ ಇಳಿಯಿತು. ಅಂದರೆ ನಾಲ್ಕು ಮಿಲಿಸೆಕೆಂಡಿಗೊಮ್ಮೆ ಇಂಟರಪ್ಟ್. ಓಡುತ್ತಿರುವ ಪ್ರೋಗ್ರಾಂ ತನ್ನ ಪಾಲಿನ ಸಮಯ ಮುಗಿಸಿತೇ ಎಂದು ನೋಡುವುದು ಅದರ ಮುಖ್ಯ ಕೆಲಸ. ಓಡುವುದೇ ಏನೂ ಇಲ್ಲದಾಗ ಮಲಗಿದವರನ್ನು ತಟ್ಟಿ ಎಬ್ಬಿಸಿ “ನಿದ್ದೆ ಬಂತೇ” ಎಂದು ಕೇಳಿದ ಹಾಗಾಗುತ್ತದೆ. 2007ರಲ್ಲಿ ಬಂದ 2.6.21ರಲ್ಲಿ ಥಾಮಸ್ ಗ್ಲೈಕ್ಸ್ನರ್, ಇಂಗೊ ಮೊಲ್ನಾರ್ ಮುಂತಾದ ಕರ್ನಲ್ ಬರೆಯುವವರ ಶ್ರಮದಿಂದ ಇದು ಬದಲಾಯಿತು. ಮುಂದಿನ ಟೈಮರ್ ಯಾವಾಗ ಎಂದು ನೋಡಿ, ಗಡಿಯಾರದ ಯಂತ್ರಾಂಶಕ್ಕೆ ಆ ಹೊತ್ತನ್ನು ತಿಳಿಸಿ, ಪ್ರೊಸೆಸರ್ ಅಲ್ಲಿಯವರೆಗೆ ಮಲಗುತ್ತದೆ. ಟಿಕ್ ನಿಲ್ಲದ ಕರ್ನಲ್ ಇದ್ದರೆ ಬ್ಯಾಟರಿ ಎರಡು ಮೂರು ಪಟ್ಟು ಬೇಗ ಬರಿದಾಗಬಹುದು ಎಂದು ಕರ್ನಲ್‌ನ ದಾಖಲೆಯಲ್ಲೇ ಬರೆದಿದ್ದಾರೆ.

ಇದಕ್ಕೆ ಬೆಲೆ ಇಲ್ಲವೇ? ಇದೆ. ಮಲಗುವಾಗಲೂ ಏಳುವಾಗಲೂ ಹೆಚ್ಚಿನ ಲೆಕ್ಕಾಚಾರ ನಡೆಯಬೇಕು, ಗಡಿಯಾರವನ್ನು ಹೊಸದಾಗಿ ಹೊಂದಿಸಬೇಕು. ಕೆಲವು ಯಂತ್ರಗಳಲ್ಲಿ ಇದು ದುಬಾರಿ. ಕ್ಷಣ ಮಲಗಿ ಕ್ಷಣ ಏಳುವ ಕೆಲಸದ ಹೊರೆಯಲ್ಲಿ ಈ ಖರ್ಚು ಕಣ್ಣಿಗೆ ಬೀಳುತ್ತದೆ. ಅದಕ್ಕಿಂತ ಸೂಕ್ಷ್ಮವಾದದ್ದು ಊಹೆ ತಪ್ಪುವ ಅಪಾಯ. ಬೇಗ ಏಳಬೇಕಾದೀತು ಎಂದು ಕರ್ನಲ್ ಹಗುರ ನಿದ್ರೆ (ಏಳುವುದು ಬೇಗ, ವಿದ್ಯುತ್ತಿನ ಉಳಿತಾಯ ಕಡಿಮೆ) ಆರಿಸಿತು ಎನ್ನಿ, ಯಾರೂ ಎಬ್ಬಿಸಲಿಲ್ಲ. ಟಿಕ್ ಇದ್ದಿದ್ದರೆ ಕೆಲವೇ ಮಿಲಿಸೆಕೆಂಡುಗಳಲ್ಲಿ ಎಚ್ಚರವಾಗಿ, ಈ ಬಾರಿ ಆಳವಾಗಿ ಮಲಗಬಹುದಿತ್ತು. ಟಿಕ್ ಇಲ್ಲದ್ದರಿಂದ ಹಗುರ ನಿದ್ರೆಯಲ್ಲೇ ವಿದ್ಯುತ್ತು ಪೋಲಾಗುತ್ತಾ ಹೋಗುತ್ತದೆ. 2018ರ 4.17 ಆವೃತ್ತಿಯಲ್ಲಿ ಕರ್ನಲ್ ಬರೆಯುವವರಲ್ಲೊಬ್ಬರಾದ ರಾಫೆಲ್ ವೈಸಾಕಿ ಈ ಕ್ರಮವನ್ನೇ ತಿರುಗಿಸಿದರು: ಮೊದಲು ನಿದ್ರೆ ಎಷ್ಟು ಹೊತ್ತಿನದು ಎಂದು ಅಂದಾಜು ಮಾಡು, ಅದು ದೀರ್ಘವೆಂದು ತೋರಿದರೆ ಮಾತ್ರ ಟಿಕ್ ನಿಲ್ಲಿಸು. ಇಷ್ಟು ವಿವೇಕ ಒಳಗಿರುವಾಗ ನಾವು ಹೊರಗಿನಿಂದ “ಬೇಕು”, “ಬೇಡ” ಎಂದು ಗುಂಡಿ ಒತ್ತುವುದು ನನಗೆ ಸರಿಕಾಣುವುದಿಲ್ಲ.

ಒಂದು ಮಳೆಗಾಲ ಮುಳ್ಳೇರಿಯದ ಕಡೆ ಮನೆಯೊಂದರಲ್ಲಿ ತಾಳಮದ್ದಳೆ. ನೆಂಟರೊಬ್ಬರು ಲ್ಯಾಪ್‌ಟಾಪಿನಲ್ಲಿ ಧ್ವನಿಮುದ್ರಣ ಮಾಡುತ್ತಿದ್ದರು. ಕರೆಂಟು ಹೋಗಿತ್ತು. ಚೆಂಡೆಯ ಪೆಟ್ಟು ಏರಿದಲ್ಲೆಲ್ಲ ಮುದ್ರಣದಲ್ಲಿ ಚಟಚಟ ಸದ್ದು. ಯಾರೋ ಹೇಳಿದರೆಂದು ಅವರು ಟಿಕ್ ನಿಲ್ಲದಂತೆ ಬೂಟ್ ಆಯ್ಕೆ ಹಾಕಿಕೊಂಡು ಬಂದಿದ್ದರು. ಚಟಚಟ ಹೋಗಿರಲಿಲ್ಲ; ಬ್ಯಾಟರಿ ಮಾತ್ರ ಪ್ರಸಂಗ ಅರ್ಧವಾಗುವ ಮೊದಲೇ ಕೆಂಪು ತೋರಿಸುತ್ತಿತ್ತು. ಭಾಗವತರು ಪದ ಎತ್ತಿದ ಹೊತ್ತಿಗೆ ನನ್ನ ಕಿವಿಯ ಬಳಿ ಬಂದು, “ಭಾವ, ಟಿಕ್ ಬೇಕೋ ಬೇಡವೋ, ಬೇಗ ಹೇಳಿ” ಎಂದರು.

ನಾನು ಬಫರ್, ಅಂದರೆ ಬಂದ ಧ್ವನಿಯನ್ನು ಕೂಡಿಟ್ಟು ಒಮ್ಮೆಗೆ ಪ್ರೊಸೆಸರಿಗೆ ಕೊಡುವ ಜಾಗ, ಎಷ್ಟಿದೆ ಎಂದು ನೋಡಿದೆ. ಧ್ವನಿಯ 64 ಮಾದರಿಗಳು (ಸ್ಯಾಂಪಲ್). ಸೆಕೆಂಡಿಗೆ 48000 ಮಾದರಿಗಳ ಮುದ್ರಣ. ಲೆಕ್ಕ ಹಾಕಿ: ಧ್ವನಿ ಸಾಧನವೇ ಪ್ರೊಸೆಸರನ್ನು ಸೆಕೆಂಡಿಗೆ 750 ಬಾರಿ ಎಬ್ಬಿಸುತ್ತಿತ್ತು, ಅವರ 250ರ ಟಿಕ್‌ಗಿಂತ ಮೂರು ಪಟ್ಟು! ಪ್ರತಿ ಬಾರಿಯೂ ಕೆಲಸ ಮುಗಿಸಲು ಇದ್ದ ಗಡುವು 1.33 ಮಿಲಿಸೆಕೆಂಡು. ಗಾಯಕರಿಗೆ ಹೆಡ್‌ಫೋನಿನಲ್ಲಿ ಅವರದೇ ದನಿ ತಕ್ಷಣ ಕೇಳಿಸಬೇಕಾದಾಗ ಅಷ್ಟು ಚಿಕ್ಕ ಬಫರ್ ಬೇಕು. ಇಲ್ಲಿ ಯಾರಿಗೂ ಕೇಳಿಸಬೇಕಾಗಿರಲಿಲ್ಲ. 1024ಕ್ಕೆ ಏರಿಸಿದೆವು, ಎಬ್ಬಿಸುವುದು ಸೆಕೆಂಡಿಗೆ 47ರಷ್ಟಕ್ಕೆ ಇಳಿಯಿತು, ಚಟಚಟವೂ ನಿಂತಿತು.

ಇನ್ನೊಂದು ವಿಷಯ. ಟಿಕ್ ಉಳಿಸಿಕೊಂಡರೆ ಪ್ರೊಸೆಸರ್ ಆಳವಾಗಿ ಮಲಗದು ಎಂಬುದೂ ತಪ್ಪು. ಎರಡು ಟಿಕ್‌ಗಳ ನಡುವಿನ ನಾಲ್ಕು ಮಿಲಿಸೆಕೆಂಡು ಹೆಚ್ಚಿನ ಯಂತ್ರಗಳಲ್ಲಿ ಸಾಕಷ್ಟು ಆಳದ ನಿದ್ರೆಗೆ ಸಾಲುತ್ತದೆ. ಏಳುವಾಗಿನ ವಿಳಂಬವೇ ನಿಮ್ಮ ಚಿಂತೆಯಾದರೆ, ಇಷ್ಟಕ್ಕಿಂತ ಹೆಚ್ಚು ವಿಳಂಬ ಬೇಡ ಎಂದು ಪ್ರೋಗ್ರಾಂ ಕರ್ನಲ್‌ಗೆ ಹೇಳುವ ದಾರಿ ಬೇರೆಯೇ ಇದೆ. ಕೆಲಸದಲ್ಲಿರುವ ಪ್ರೊಸೆಸರಿನಲ್ಲೂ ಟಿಕ್ ನಿಲ್ಲಿಸುವ ವ್ಯವಸ್ಥೆ 2013ರ 3.10ರಲ್ಲಿ ಬಂತು. ಅದು ಒಂದು ಪ್ರೊಸೆಸರಿಗೆ ಒಂದೇ ಕೆಲಸ ಕಟ್ಟಿಹಾಕುವ ವಿಶೇಷ ಗಣನೆಗಳಿಗೆ. ಮನೆಯ ಲ್ಯಾಪ್‌ಟಾಪಿಗೆ ಅಲ್ಲ.

ನೀವು ಕೇಳಬೇಕಾದ್ದು, ಕೇಳಲಿ ಎಂದು ನಾನು ಕಾಯುತ್ತಿರುವುದು ಬೇರೆ: ನನ್ನ ಪ್ರೊಸೆಸರನ್ನು ಎಬ್ಬಿಸುತ್ತಿರುವವರು ಯಾರು? 2007ರಲ್ಲಿ ಟಿಕ್ ನಿಂತ ಬೆನ್ನಿಗೇ ಇಂಟೆಲ್‌ನವರು ಪವರ್‌ಟಾಪ್ ಎಂಬ, ಪ್ರೊಸೆಸರನ್ನು ಯಾರು ಎಷ್ಟು ಬಾರಿ ಎಬ್ಬಿಸಿದರೆಂದು ಪಟ್ಟಿಮಾಡುವ ತಂತ್ರಾಂಶವನ್ನು ಹೊರತಂದದ್ದು ಇದಕ್ಕಾಗಿಯೇ. ಕರ್ನಲ್ ಸುಮ್ಮನಾದರೂ ಪ್ರೋಗ್ರಾಂಗಳು ಸುಮ್ಮನಾಗಿರಲಿಲ್ಲ. ಕಾಯುವ ಬದಲು ಪದೇ ಪದೇ ಇಣುಕಿ ನೋಡುವ ಪ್ರೋಗ್ರಾಂ ಒಂದಿದ್ದರೂ ಸಾಕು, ಕರ್ನಲ್‌ನವರ ವರ್ಷಗಳ ಶ್ರಮ ಮಣ್ಣುಪಾಲು. ನನ್ನ ನೆಂಟರ ಲ್ಯಾಪ್‌ಟಾಪಿನಲ್ಲಿ ಬಫರಿನ ನಂತರ ಸಿಕ್ಕಿದ್ದು, ಪರದೆಯ ಮೂಲೆಯಲ್ಲಿ ಹವಾಮಾನ ತೋರಿಸುವ ಪುಟ್ಟ ಪ್ರೋಗ್ರಾಂ. ಹೊರಗೆ ಜಡಿಮಳೆ, ಅದು ಒಳಗೆ ಎಡೆಬಿಡದೆ ಎದ್ದು ನೋಡುತ್ತಿತ್ತು. ತೆಗೆದುಹಾಕಿದೆವು.

ಇನ್ನು ಮುಂದೆ ನನ್ನಲ್ಲಿ ಕೇಳುವವರು ಪವರ್‌ಟಾಪ್ ಓಡಿಸಿ, ಮೇಲಿನ ಹತ್ತು ಸಾಲುಗಳನ್ನು ತನ್ನಿ. ಚಾರ್ಜರ್ ಕಳಚಿ, ಬ್ಯಾಟರಿಯಲ್ಲಿ ಓಡುತ್ತಿರುವಾಗಲೇ ತೆಗೆದ ಪಟ್ಟಿಯಾಗಿರಲಿ.