ಕಟ್ಟೆ ಎಷ್ಟು ಕಟ್ಟಿದಿರಿ ಅಂತಲ್ಲ, ಬೇಸಿಗೆಯಲ್ಲಿ ನೀರು ಎಲ್ಲಿದೆ ಅಂತ ಕೇಳಿ

ದಾವಣಗೆರೆಯ ಮನೆಯಲ್ಲಿ ಕೂತು ಇಂಡೋನೇಷ್ಯಾದ ಕಾಲುವೆಗಳನ್ನು ನೋಡೋದು ನನ್ನ ಕೆಲಸ. ಉಪಗ್ರಹ ಚಿತ್ರದ ಮೇಲೆ ಕಾಲುವೆಗೆ ಗೆರೆ ಎಳೆದು, ನೆಲದ ಎತ್ತರ ನೋಡಿ, ಒಣಗಿದ ನೆಲದಲ್ಲಿ ಮತ್ತೆ ನೀರು ನಿಲ್ಲೋ ಹಾಗೆ ಕಾಲುವೆಗೆ ಅಡ್ಡಲಾಗಿ ಎಲ್ಲಿ ಕಟ್ಟೆ ಬರಬೇಕು ಅಂತ ಗುರುತು ಹಾಕುತ್ತೇವೆ. ಟೀಮಿಗೆ ಹೊಸದಾಗಿ ಬಂದವರಿಗೆ ನಾನು ಹೇಳೋದನ್ನೇ ಇಲ್ಲೂ ಬರೆದಿದ್ದೇನೆ.

ಅಲ್ಲಿರೋದು ಪೀಟ್ ನೆಲ (ನರ್ಸರಿಯ ಕೋಕೋಪೀಟ್ ಅಲ್ಲ). ಸಾವಿರಾರು ವರ್ಷ ನೀರಲ್ಲಿ ಮುಳುಗಿ, ಗಾಳಿ ತಾಗದೆ, ಪೂರ್ತಿ ಕೊಳೆಯದೇ ಉಳಿದ ಬೇರು, ಎಲೆ, ಮರದ ರಾಶಿ. ಜಗತ್ತಿನ ನೆಲದಲ್ಲಿ ಇದರ ಪಾಲು ಬರೀ 3%, ಆದರೆ ಇದರೊಳಗಿನ ಇಂಗಾಲ ಎಲ್ಲ ಕಾಡುಗಳ ಮರಗಿಡಗಳಲ್ಲಿರೋದಕ್ಕಿಂತ ಜಾಸ್ತಿ. ಇಂಡೋನೇಷ್ಯಾದ ಮಧ್ಯ ಕಾಲಿಮಂತಾನ್ ಪ್ರಾಂತ್ಯದಲ್ಲಿ 1996ರಲ್ಲಿ ಸುಮಾರು 10 ಲಕ್ಷ ಹೆಕ್ಟೇರಿನಲ್ಲಿ ಭತ್ತ ಬೆಳೀತೀವಿ ಅಂತ ಹೊರಟು ಸಾವಿರಾರು ಕಿಲೋಮೀಟರ್ ಕಾಲುವೆ ತೋಡಿದರು. ಭತ್ತ ಬರಲಿಲ್ಲ. ನೀರು ಬಸಿದು ಹೋಯಿತು, ಒಣಗಿದ ನೆಲ 1997ರಲ್ಲಿ ಹೊತ್ತಿ ಉರಿಯಿತು, 2015ರಲ್ಲಿ ಮತ್ತೆ. ಬೆಂಕಿ ಬೀಳದಿದ್ದರೂ, ಗಾಳಿ ತಾಗಿದ ಪೀಟ್ ಕೊಳೆತು ಇಂಗಾಲ ಮೇಲೆ ಹೋಗುತ್ತಲೇ ಇರುತ್ತೆ, ನೆಲವೂ ಇಳಿಯುತ್ತೆ. ಇಂಗ್ಲೆಂಡಿನ ಹೋಮ್ ಫೆನ್ ಅನ್ನೋ, ನೀರು ಬಸಿದ ಪೀಟ್ ನೆಲದಲ್ಲಿ 1851ರ ಸುಮಾರಿಗೆ ತುದಿ ನೆಲಮಟ್ಟಕ್ಕೆ ಬರೋ ಹಾಗೆ ಹೂತ ಕಬ್ಬಿಣದ ಕಂಬ ಈಗ 4 ಮೀಟರ್ ಹೊರಗೆ ನಿಂತಿದೆ.

ಚನ್ನಗಿರಿ ಕಡೆಯ ನಮ್ಮ ದೊಡ್ಡಪ್ಪ ಒಮ್ಮೆ ಸ್ಕ್ರೀನ್ ನೋಡಿ, "ಏನಮ್ಮಾ, ಗದ್ದೆ ಜೌಗಾಯ್ತು, ಬಸಿಗಾಲುವೆ ಮಾಡಿಸ್ಕೊಡಿ ಅಂತ ನಾವು ಅರ್ಜಿ ಹಿಡ್ಕೊಂಡು ಓಡಾಡ್ತೀವಿ, ನೀನು ಇದ್ದಿದ್ದನ್ನ ಮುಚ್ಚಿಸ್ತಿದ್ದೀಯಲ್ಲ" ಅಂದರು. ಅಲ್ಲಿ ಜೌಗೇ ಬೇಕು ದೊಡ್ಡಪ್ಪ ಅಂದೆ. ಹಾಗಾದ್ರೆ ಒಂದೇ ದೊಡ್ಡ ಒಡ್ಡು ಹಾಕಿಬಿಡಿ ಅಂದರು. ಹೊಸಬರೂ ಇದನ್ನೇ ಕೇಳ್ತಾರೆ. ನೋಡೋಕೆ ಸಪಾಟಾದರೂ ಪೀಟ್ ನೆಲ ನಡುವೆ ಸ್ವಲ್ಪ ಉಬ್ಬಿರುತ್ತೆ, ಹಾಗಾಗಿ ಒಂದೇ ಒಡ್ಡಿನ ಹಿಂದೆ ನಿಂತ ನೀರು ಮೇಲಿನ ಭಾಗಕ್ಕೆ ಮುಟ್ಟೋದೇ ಇಲ್ಲ, ಮೇಲಾಗಿ ಎರಡೂ ಕಡೆ ಮಟ್ಟದ ವ್ಯತ್ಯಾಸ ಜಾಸ್ತಿಯಾದಷ್ಟೂ ನೀರು ಒಡ್ಡಿನ ಪಕ್ಕದ ಮೆತ್ತನೆ ಪೀಟ್ ಕೊರೆದುಕೊಂಡು ದಾರಿ ಮಾಡಿಕೊಳ್ಳುತ್ತೆ. "ಬದುವಿಗೆ ಏಡಿ ಬಿಲ ಬಿದ್ದಂಗೆ" ಅಂದರು ದೊಡ್ಡಪ್ಪ. ಅದೇ. ಅದಕ್ಕೇ ಮೆಟ್ಟಿಲು ಮೆಟ್ಟಿಲಾಗಿ ಸಣ್ಣ ಕಟ್ಟೆಗಳು, ದಡದೊಳಕ್ಕೆ ಚೆನ್ನಾಗಿ ಹೊಗಿಸಿ.

ವರದಿಗಳಲ್ಲಿ ಕಟ್ಟೆ ಲೆಕ್ಕ, ಸಸಿ ಲೆಕ್ಕ, ಚಂದದ ಫೋಟೋ ಇರುತ್ತೆ. ನಾನು ನೋಡೋದು ತೂತು ಕೊರೆದು ನೆಲಕ್ಕೆ ಇಳಿಸಿದ ಪಿವಿಸಿ ಪೈಪ್‌ನ ಅಳತೆ: ಟೇಪ್ ಬಿಟ್ಟರೆ ನೀರು ಎಷ್ಟು ಕೆಳಗೆ ಸಿಗುತ್ತೆ? ಪ್ಲಾಂಟೇಶನ್‌ಗೂ ಅಲ್ಲಿನ ನಿಯಮ ನೀರು ನೆಲದಿಂದ 40 ಸೆಂ.ಮೀ.ಗಿಂತ ಕೆಳಗೆ ಇಳಿಯಬಾರದು ಅನ್ನುತ್ತೆ. ಮಳೆಗಾಲದ ಗ್ರಾಫ್ ಎಲ್ಲಾ ಕಡೆ ಚೆನ್ನಾಗೇ ಇರುತ್ತೆ, ಅದನ್ನ ನೋಡಿ ಖುಷಿಪಡಬೇಡಿ.

ನೀರು ನಿಂತರೆ ಮೀಥೇನ್ (ಅದೂ ಭೂಮಿಯ ಬಿಸಿ ಏರಿಸೋ ಅನಿಲ) ಬರಲ್ವಾ ಅಂತ ಕೇಳ್ತಾರೆ. ಬರುತ್ತೆ. ಆದರೆ ಅದು ಗಾಳಿಯಲ್ಲಿ ಉಳಿಯೋದು ಹತ್ತು ಹನ್ನೆರಡು ವರ್ಷ, ಇಂಗಾಲದ ಡೈಆಕ್ಸೈಡ್ ಕೂಡುತ್ತಲೇ ಹೋಗುತ್ತೆ. ಇನ್ನು ನೀರು ನಿಂತ ಪೀಟ್ ಹೊಸ ಇಂಗಾಲ ಹೀರುತ್ತೆ ಅನ್ನೋದನ್ನ ಬ್ರೋಷರ್‌ನವರು ಸುಮ್ನೆ ಉಬ್ಬಿಸ್ತಾರೆ. ಪೀಟ್ ಬೆಳೆಯೋದೇ ವರ್ಷಕ್ಕೆ ಒಂದು ಮಿಲಿಮೀಟರ್ ಆಸುಪಾಸು. ನಿಜವಾದ ಲಾಭ ಇದ್ದದ್ದು ಹೋಗದಂತೆ ತಡೆಯೋದರಲ್ಲಿ.

ಹಾಗಾಗಿ ಆಗಸ್ಟ್, ಸೆಪ್ಟೆಂಬರ್ (ಅಲ್ಲಿ ಬೇಸಿಗೆ ಅಂದರೆ ಅದೇ) ರೀಡಿಂಗ್ ಇಲ್ಲದ ಫೈಲ್ ಬಂದರೆ ನಾನು ತೆಗೆದುಕೊಳ್ಳಲ್ಲ, ವಾಪಸ್ ಕಳಿಸ್ತೀನಿ. ನೀವೂ ಹಾಗೇ ಮಾಡಿ.