ಹೆಸರು ಹಿಡಿದು ಬರೆದವನು ಕಳ್ಳ

ಮಂಗಳವಾರ ಬೆಳಿಗ್ಗೆ ಚಿಕ್ಕಮಗಳೂರಿನ ಮಾರ್ಕೆಟ್ ರಸ್ತೆಯ ಮಿಲ್ಲಿನಲ್ಲಿ ಹುರಿದ ಬೀಜ ಆರುವುದನ್ನು ಕಾಯುತ್ತ ನಿಂತಿದ್ದಾಗ ಹಾಸನದಿಂದ ಒಂದು ಕರೆ ಬಂತು. ಮಾತನಾಡಿದವರು ನಿವೃತ್ತ ಶಿಕ್ಷಕಿ. ಏಳು ವರ್ಷಗಳಿಂದ ನಮ್ಮಲ್ಲಿ ತಿಂಗಳಿಗೆ ಒಂದು ಕೆ.ಜಿ. ಫಿಲ್ಟರ್ ಕಾಫಿ ಪುಡಿ ತರಿಸಿಕೊಳ್ಳುವವರು. ಹೊಸ ಫಸಲಿನ ಪುಡಿಗೆ ಈಗಲೇ ಮುಂಗಡ ಕಟ್ಟಿದರೆ ವರ್ಷವಿಡೀ ಅರ್ಧ ಬೆಲೆ ಎಂದು ನಾನು ಅವರಿಗೆ ಬರೆದಿದ್ದೆನಂತೆ, ಅವರು ಆ ಬೆಳಿಗ್ಗೆಯಷ್ಟೇ ಆರು ಸಾವಿರ ರೂಪಾಯಿ ಕಳಿಸಿದ್ದರಂತೆ, ಅದು ತಲುಪಿತೋ ಇಲ್ಲವೋ ಎಂದು ಕೇಳುವುದಕ್ಕಾಗಿ ಮಾಡಿದ ಕರೆ ಅದು. ಭಾನುವಾರ ರಾತ್ರಿಯಿಂದ ನಮ್ಮ ವ್ಯಾಪಾರದ ಸಾಮಾಜಿಕ ಜಾಲತಾಣದ ಖಾತೆ ನನ್ನ ಕೈಯಲ್ಲಿಲ್ಲ, ಬರೆದವನು ನಾನಲ್ಲ ಎಂದು ತಡವರಿಸುತ್ತ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ನನಗೆ ಅನುಮಾನ ಬರಬೇಕಿತ್ತು. ಇಷ್ಟು ವರ್ಷದಲ್ಲಿ ನೀವು ಒಂದು ಸಲವೂ ನನ್ನ ಹೆಸರು ಹಿಡಿದು ಬರೆದವರಲ್ಲ. ಈ ಸಲ ಬರೆದಿದ್ರಿ. ಅದಕ್ಕೇ ಖುಷಿಯಾಗಿ ಕಳಿಸಿಬಿಟ್ಟೆ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆ ಮಾತನ್ನು ಅವರು ದೂರಿನ ಧ್ವನಿಯಲ್ಲಿ ಹೇಳಲಿಲ್ಲ; ತರಗತಿಯಲ್ಲಿ ಲೆಕ್ಕ ಎಲ್ಲಿ ತಪ್ಪಿತೆಂದು ತೋರಿಸುವವರ ಹಾಗೆ, ತಮ್ಮದೇ ತಪ್ಪನ್ನು ತೋರಿಸಿಕೊಳ್ಳುತ್ತಿದ್ದರು. ಹಣ ಕಳಿಸಿ ಇನ್ನೂ ಎರಡು ಗಂಟೆಯೂ ಆಗಿರಲಿಲ್ಲವಾದ್ದರಿಂದ ತಕ್ಷಣ 1930ಕ್ಕೆ ಕರೆ ಮಾಡಿ ಎಂದು ಬೇಡಿಕೊಂಡೆ. ಸೈಬರ್ ವಂಚನೆಯಲ್ಲಿ ಹಣ ಕಳೆದುಕೊಂಡವರಿಗೆಂದು ಇರುವ ರಾಷ್ಟ್ರೀಯ ಸಹಾಯವಾಣಿ ಅದು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರಿ ಹೋಗುವುದರೊಳಗೆ ಹೇಳಿದರೆ ಬ್ಯಾಂಕಿನವರು ಅದನ್ನು ತಡೆದು ನಿಲ್ಲಿಸುವ ಸಾಧ್ಯತೆಯಿರುತ್ತದೆ. ಅವರಿಗೆ ಸಂಖ್ಯೆ ನೆನಪಿನಲ್ಲಿ ಉಳಿಯಲೆಂದು "ಮುಳ್ಳಯ್ಯನಗಿರಿಯ ಎತ್ತರ ಮೇಡಂ, ಒಂದು ಸಾವಿರದ ಒಂಬೈನೂರ ಮೂವತ್ತು ಮೀಟರ್" ಎಂದೆ. ಬೆಟ್ಟದ ಚಿತ್ರ ಹಾಕಿದಾಗಲೆಲ್ಲ ಪ್ರವಾಸಿಗರಿಗಾಗಿ ಆ ಅಂಕಿಯನ್ನು ನಾನೇ ಹತ್ತಾರು ಸಲ ಬರೆದಿದ್ದೇನೆ. ಅಂಥ ಹೊತ್ತಿನಲ್ಲೂ ನನ್ನ ಬಾಯಿಂದ ಬಂದದ್ದು ಜಾಹೀರಾತಿನ ಭಾಷೆಯೇ ಎಂಬುದು ಆಮೇಲೆ ಹೊಳೆಯಿತು.

ಖಾತೆ ಹೋದ ಬಗೆಯನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಹೂಮಳೆ ಬಿದ್ದು ಎಂಟು ದಿನ ಕಳೆದಿತ್ತು; ಆಲ್ದೂರು ಕಡೆಯ ನಮ್ಮ ದೊಡ್ಡಪ್ಪನ ತೋಟದಲ್ಲಿ ರೊಬಸ್ಟಾ ಗಿಡಗಳು ಬುಡದಿಂದ ತುದಿಯವರೆಗೆ ಬೆಳ್ಳಗಾಗಿದ್ದವು. ಎರಡು ಮೂರು ದಿನ ಮಾತ್ರ ಇರುವ ಈ ಹೂವೇ ನಮ್ಮಂಥವರಿಗೆ ವರ್ಷದ ದೊಡ್ಡ ಪ್ರಚಾರ. ನಾನು ಒಂದು ನಿಮಿಷದ ವಿಡಿಯೋ ತೆಗೆದು, ಹಿನ್ನೆಲೆಗೆ ಒಂದು ಸಿನಿಮಾ ಹಾಡು ಅಂಟಿಸಿ ಹಾಕಿದೆ. ವ್ಯಾಪಾರದ ಖಾತೆಗಳು ಸಿನಿಮಾ ಹಾಡನ್ನು ಮನಸ್ಸಿಗೆ ಬಂದಂತೆ ಬಳಸುವ ಹಾಗಿಲ್ಲವೆಂಬುದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಆ ರಾತ್ರಿ ಹನ್ನೊಂದು ಗಂಟೆಗೆ, ಜಾಲತಾಣದ ಗುರುತನ್ನೇ ಹೊತ್ತ ಒಂದು ಸಂದೇಶ ಬಂತು: ಕೃತಿಸ್ವಾಮ್ಯ ಉಲ್ಲಂಘಿಸಿದ್ದೀರಿ, 24 ಗಂಟೆಯೊಳಗೆ ಮೇಲ್ಮನವಿ ಸಲ್ಲಿಸದಿದ್ದರೆ ಖಾತೆ ಶಾಶ್ವತವಾಗಿ ಅಳಿಸಿಹೋಗುತ್ತದೆ, ಇಲ್ಲಿ ಒತ್ತಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನು ಒತ್ತಿದೆ. ಕಳ್ಳನಿಗೆ ನನ್ನ ಹಾಡಿನ ವಿಷಯ ಗೊತ್ತಿರಲು ಸಾಧ್ಯವೇ ಇರಲಿಲ್ಲ. ವ್ಯಾಪಾರಕ್ಕೆ ಕುಳಿತ ಪ್ರತಿಯೊಬ್ಬನಿಗೂ ಇಂಥದ್ದೊಂದು ಅಳುಕು ಇದ್ದೇ ಇರುತ್ತದೆಂಬುದಷ್ಟು ಗೊತ್ತಿದ್ದರೆ ಅವನ ಕೆಲಸಕ್ಕೆ ಸಾಕು.

ತೆರೆದ ಪುಟ ಪಾಸ್‌ವರ್ಡ್ ಕೇಳಿತು, ಕೊಟ್ಟೆ. ಮೊಬೈಲಿಗೆ ಆರು ಅಂಕಿಯ ಸಂಕೇತ ಬಂತು, ಅದನ್ನೂ ಅದೇ ಪುಟದಲ್ಲಿ ತುಂಬಿದೆ. ಎರಡು ಹಂತದ ಭದ್ರತೆ ಹಾಕಿಕೊಂಡಿದ್ದೇನೆ, ನನಗೇನೂ ಆಗದು ಎಂದು ಎರಡು ವರ್ಷ ನೆಮ್ಮದಿಯಾಗಿದ್ದವನು ಎರಡನೆಯ ಬೀಗದ ಕೀಲಿಯನ್ನೂ ಕೈಯಾರೆ ಕೊಟ್ಟೆನೆಂಬುದು ತಿಳಿದದ್ದು ಹತ್ತು ನಿಮಿಷದ ನಂತರ. ಮರುದಿನ ಶಾಂತವಾಗಿ ನೋಡಿದರೆ, ಆ ಪುಟದ ವಿಳಾಸದಲ್ಲಿ ಇಂಗ್ಲಿಷಿನ 'ಎಲ್' ಅಕ್ಷರ ಇರಬೇಕಾದ ಕಡೆ ಒಂದು ಎಂಬ ಅಂಕಿ ನಿಂತಿತ್ತು. ಕನ್ನಡಕ ಹಾಕಿಕೊಂಡು ನೋಡಿದರೂ ಥಟ್ಟನೆ ಕಾಣುವಂಥದ್ದಲ್ಲ. ಪಾಸ್‌ಕೀ ಎಂಬ, ಪಾಸ್‌ವರ್ಡಿನ ಬದಲು ಫೋನೇ ನಮ್ಮನ್ನು ಗುರುತಿಸಿ ಒಳಬಿಡುವ ವ್ಯವಸ್ಥೆಯನ್ನು ಬಳಸಿದ್ದರೆ ಅದು ನಕಲಿ ವಿಳಾಸದಲ್ಲಿ ಕೆಲಸವನ್ನೇ ಮಾಡುತ್ತಿರಲಿಲ್ಲವೆಂದು ಈಗ ಓದಿ ತಿಳಿದಿದ್ದೇನೆ. ನಮ್ಮ ಕಣ್ಣು ಮೋಸಹೋದರೂ ಅದು ಮೋಸಹೋಗುವುದಿಲ್ಲ.

ಇಷ್ಟಾದರೂ ಖಾತೆಯನ್ನು ಹಿಂದಕ್ಕೆ ಎಳೆದುಕೊಳ್ಳಲು ಒಂದು ದಾರಿ ಉಳಿದಿತ್ತು. ಖಾತೆಯ ಇಮೇಲ್ ಬದಲಾದಾಗ ಹಳೆಯ ಇಮೇಲಿಗೆ ಒಂದು ಸೂಚನೆ ಹೋಗುತ್ತದೆ, ಬದಲಿಸಿದವನು ನಾನಲ್ಲ ಎಂದು ಅಲ್ಲಿಂದಲೇ ಹೇಳಬಹುದು. ಆದರೆ ಆ ಹಳೆಯ ಇಮೇಲ್ ನನ್ನದಾಗಿರಲಿಲ್ಲ. ಏಳು ವರ್ಷದ ಹಿಂದೆ ನನ್ನ ಷಡ್ಡಕರ ಕಚೇರಿಯಲ್ಲಿದ್ದ ಒಬ್ಬ ಹುಡುಗ ತನ್ನ ಹೆಸರಿನಲ್ಲಿ ಅದನ್ನು ಮಾಡಿಕೊಟ್ಟಿದ್ದ. ಈಗ ಅವನು ಯಾವುದೋ ಬೇರೆ ಊರಿನಲ್ಲಿದ್ದಾನೆ, ಸೂಚನೆಯನ್ನು ಅವನು ನೋಡಿದ್ದು ಗುರುವಾರ. ಅಷ್ಟು ಹೊತ್ತಿಗೆ ಆ ದಾರಿಯೂ ಮುಚ್ಚಿತ್ತು. ಮನೆ ಕಟ್ಟಿದ ಮೇಸ್ತ್ರಿಯ ಹೆಸರಿನಲ್ಲೇ ಮನೆಯ ಪತ್ರವನ್ನೂ ಬಿಟ್ಟು ನಿಶ್ಚಿಂತೆಯಿಂದ ಏಳು ವರ್ಷ ಮಲಗಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಷಡ್ಡಕರ ಬಗ್ಗೆ ಒಂದು ಮಾತು. ಅವರು ಬೆಂಗಳೂರಿನಲ್ಲಿ ಆನ್‌ಲೈನ್ ಮಾರ್ಕೆಟಿಂಗ್ ಕಲಿಸುತ್ತಾರೆ, ಕಷ್ಟಕ್ಕಾಗುವ ಮನುಷ್ಯ, ವಿಷಯ ತಿಳಿದ ಕೂಡಲೇ ಫೋನ್ ಮಾಡಿದರು. ಆದರೆ ಅವರ ಮೊದಲ ಪ್ರಶ್ನೆ "ಫಾಲೋವರ್ಸ್ ಎಷ್ಟಿದ್ರು?" ಎಂಬುದಾಗಿತ್ತು. ಇಪ್ಪತ್ತಮೂರು ಸಾವಿರ ಎಂದೆ. ಸತ್ತವರ ವಯಸ್ಸು ಕೇಳಿದವರಂತೆ ತ್ಚು ತ್ಚು ಎಂದರು, ಹೊಸದು ತೆರೆದು ಒಂದಿಷ್ಟು ದುಡ್ಡು ಸುರಿದರೆ ಆರು ತಿಂಗಳಲ್ಲಿ ಅಷ್ಟನ್ನು ಮತ್ತೆ ತರಬಹುದೆಂದರು. ಸಂಖ್ಯೆಯನ್ನು ಜನರೆಂದು ನಂಬುವ ಈ ಜಾಡ್ಯ ಅವರಿಂದಲೇ ನನಗೆ ಅಂಟಿದ್ದು. ಆದರೆ ಅಂಟಿಸಿಕೊಂಡವನು ನಾನು. ಪ್ರತಿ ರಾತ್ರಿ ಊಟದ ನಂತರ ಆ ಸಂಖ್ಯೆಯನ್ನು ನೋಡಿ ಮಲಗುತ್ತಿದ್ದೆ, ಹತ್ತು ಹೆಚ್ಚಾದರೆ ನಿದ್ದೆ ಚೆನ್ನಾಗಿ ಬರುತ್ತಿತ್ತು.

ಸೈಬರ್ ಪೊಲೀಸ್ ಠಾಣೆಗೆ ಅದೇ ಮಂಗಳವಾರ ಮಧ್ಯಾಹ್ನ ಹೋದೆ. ದೂರು ಬರೆದುಕೊಂಡ ಮಹಿಳಾ ಸಿಬ್ಬಂದಿ ಚುರುಕಾಗಿದ್ದರು, ಒಂದೂ ಅನವಶ್ಯಕ ಪ್ರಶ್ನೆ ಕೇಳಲಿಲ್ಲ. ಇನ್ನೂ ಯಾರಾದರೂ ಮೋಸಹೋಗುವ ಮೊದಲು ಎಚ್ಚರಿಸಬೇಕಲ್ಲವೇ, ನಿಮ್ಮ ಖಾಯಂ ಗಿರಾಕಿಗಳಿಗೆ ನೀವೇ ಫೋನ್ ಮಾಡಿಬಿಡಿ ಸಾರ್ ಎಂದರು. ನಾನು ತಲೆಯಾಡಿಸಿದೆ, ಆದರೆ ಕುರ್ಚಿಯಿಂದ ಏಳಲು ಆಗಲಿಲ್ಲ. ಆರ್ಡರು ಬರುತ್ತಿದ್ದದ್ದು ಆ ಖಾತೆಯ ಸಂದೇಶಗಳಲ್ಲಿ, ವಿಳಾಸ ಇದ್ದದ್ದು ಅಲ್ಲಿ, ಫೋನ್ ಸಂಖ್ಯೆ ಇದ್ದದ್ದೂ ಅಲ್ಲಿಯೇ. ಅದನ್ನು ನೋಡಿ ಪಾರ್ಸೆಲ್ಲಿನ ಮೇಲೆ ಬರೆಯುತ್ತಿದ್ದದ್ದು ನನ್ನ ಹೆಂಡತಿ. ನಾನು ಬರೆಯುತ್ತಿದ್ದದ್ದು ಒಂದೇ ಸಾಲು, ಅದನ್ನೂ ಮೊದಲೇ ಅಚ್ಚುಹಾಕಿಟ್ಟಿದ್ದೆ: 'ಆರ್ಡರ್ ಬಂದಿದೆ, ಧನ್ಯವಾದಗಳು' ಮತ್ತು ಒಂದು ಕಾಫಿ ಲೋಟದ ಚಿತ್ರ. ಏಳು ವರ್ಷ ಆ ಶಿಕ್ಷಕಿಗೂ ಹೋದದ್ದು ಅದೇ ಸಾಲು, ಅದೇ ಲೋಟ. ಕಳ್ಳನ ಯಂತ್ರ ಅವರ ಖಾತೆಯಲ್ಲಿದ್ದ ಹೆಸರನ್ನು ಎತ್ತಿ ಸಂದೇಶದ ಮೊದಲಿಗೆ ಅಂಟಿಸಿತು, ಅಷ್ಟೇ. ಅಷ್ಟನ್ನು ನಾನು ಮಾಡಿರಲಿಲ್ಲ.

ಈ ಸಲ ಹೆಸರು ಹಿಡಿದು ಬರೆದಿದ್ರಿ. ಠಾಣೆಯಿಂದ ಮನೆಗೆ ಬರುವಾಗ, ರಾತ್ರಿ ಅನ್ನ ಕಲಸುವಾಗ, ಬುಧವಾರ ಪೊಟ್ಟಣಗಳಿಗೆ ಶಾಖ ಕೊಟ್ಟು ಬಾಯಿ ಮುಚ್ಚುವಾಗ ಈ ಮಾತು ಹಿಂದೆಯೇ ಬಂತು. ಅವರು ನನ್ನನ್ನು ಹುಡುಕಿದ್ದು ಎಲ್ಲಿಂದ ಎಂದು ಆಗ ಯೋಚಿಸಿದೆ. ಪೊಟ್ಟಣದ ಹಿಂಬದಿಯಿಂದ. ತಯಾರಕರ ಹೆಸರು ಮತ್ತು ವಿಳಾಸ, ಆಹಾರ ಸುರಕ್ಷತೆಯ 14 ಅಂಕಿಗಳ ಪರವಾನಗಿ ಸಂಖ್ಯೆ, ಕಾಫಿ ಶೇ. 80 ಚಿಕೋರಿ ಶೇ. 20, ದೂರುಗಳಿದ್ದರೆ ಕರೆ ಮಾಡಬೇಕಾದ ಫೋನ್ ಸಂಖ್ಯೆ, ಇವನ್ನೆಲ್ಲ ಕಾನೂನಿನ ಕಾಟಕ್ಕೆ ಎಂದು ಗೊಣಗುತ್ತ, ಆದಷ್ಟು ಸಣ್ಣ ಅಕ್ಷರದಲ್ಲಿ ಮುದ್ರಿಸಿದ್ದೆ. ಮುಂಭಾಗದಲ್ಲಿ ದೊಡ್ಡದಾಗಿ ಹಾಕಿದ್ದು ಆ ಖಾತೆಯ ಹೆಸರನ್ನು. ಈ ವಾರ ನನ್ನನ್ನು ಹುಡುಕಿಕೊಂಡು ಕರೆ ಮಾಡಿದವರು ಹನ್ನೊಂದು ಜನ. ಹನ್ನೊಂದೂ ಜನ ಆ ಸಣ್ಣ ಅಕ್ಷರವನ್ನು ಓದಿ ಮಾಡಿದವರು.

ಜಾಲತಾಣದ ಕಂಪನಿಗೂ ದೂರು ಕೊಟ್ಟಿದ್ದೇನೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಅವರ ಕುಂದುಕೊರತೆ ಅಧಿಕಾರಿ 24 ಗಂಟೆಯೊಳಗೆ ದೂರು ಬಂದಿದೆಯೆಂದು ತಿಳಿಸಬೇಕು, ಗೊತ್ತುಪಡಿಸಿದ ದಿನಗಳೊಳಗೆ ಇತ್ಯರ್ಥ ಮಾಡಬೇಕು. ತೃಪ್ತಿಯಾಗದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಮೇಲ್ಮನವಿ ಸಮಿತಿಗೆ ಹೋಗಬಹುದು. ಕಳ್ಳನೂ ನನಗೆ 24 ಗಂಟೆಯನ್ನೇ ಕೊಟ್ಟಿದ್ದ. ಕಂಪನಿಯಿಂದ ಬಂದ ಉತ್ತರದಲ್ಲಿ ಒಂದು ಕ್ರಮಸಂಖ್ಯೆ ಇದೆ, ಧನ್ಯವಾದ ಇದೆ, ನನ್ನ ಹೆಸರಿಲ್ಲ. ಕೋಪ ಬಂತು, ಆಮೇಲೆ ನನ್ನ ಕಾಫಿ ಲೋಟದ ಚಿತ್ರ ನೆನಪಾಗಿ ಕೋಪ ಇಳಿಯಿತು.

ಇನ್ನೊಂದು ಹಳೆಯ ಪ್ರಸಂಗ ಈ ವಾರ ಮತ್ತೆ ಮತ್ತೆ ಕಾಡಿತು. 2020ರ ಜೂನ್ 29ರಂದು ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ಸರ್ಕಾರ ನಿಷೇಧಿಸಿದಾಗ ದೊಡ್ಡಪ್ಪನ ತೋಟದ ಕೂಲಿಕಾರರ ಲೈನಿನ ಹುಡುಗನೊಬ್ಬ, ಕಾಫಿ ಕಣದಲ್ಲಿ ಕುಣಿದು ಲಕ್ಷಾಂತರ ಜನರನ್ನು ಸಂಪಾದಿಸಿದ್ದವನು, ಮಾರನೆಯ ದಿನ ಮಂಕಾಗಿ ಕುಳಿತಿದ್ದ. ಬಾಡಿಗೆ ಜಗಲಿಯಲ್ಲಿ ಅಂಗಡಿ ಇಟ್ಟರೆ ಹೀಗೇ ಆಗುವುದೆಂದು ನಾನು ಅವನಿಗೆ ಉಪದೇಶ ಮಾಡಿದ್ದೆ, ಬಹಳ ಚೆನ್ನಾಗಿ ಹೇಳಿದೆನೆಂದು ಹೆಮ್ಮೆಪಟ್ಟಿದ್ದೆ ಕೂಡ. 2014ರಲ್ಲಿ ಆರ್ಕುಟ್ ಮುಚ್ಚಿದ್ದನ್ನು ಕಂಡವನು ನಾನು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್ಆ್ಯಪ್ ಮೂರೂ ಸುಮಾರು ಆರು ಗಂಟೆ ಒಟ್ಟಿಗೆ ಸ್ತಬ್ಧವಾದ ರಾತ್ರಿಯೂ ನೆನಪಿದೆ. ಒಂದೇ ಮನೆಯ ಮೂರು ಬಾಗಿಲುಗಳಾದ್ದರಿಂದ ಒಂದು ಕೆಟ್ಟರೆ ಇನ್ನೊಂದು ಇದೆಯೆಂದುಕೊಳ್ಳುವಂತಿಲ್ಲವೆಂದು ಆಗಲೂ ಯಾರಿಗೋ ಹೇಳಿದ್ದೆ. ನನ್ನ ಜಗಲಿಯೂ ಬಾಡಿಗೆಯದೇ ಎಂಬುದು ಮಾತ್ರ ತಲೆಗೆ ಬಂದಿರಲಿಲ್ಲ. ಆ ಹುಡುಗ ಈಗ ಮೂಡಿಗೆರೆಯಲ್ಲಿ ಸ್ವಂತ ಆಟೋ ಓಡಿಸುತ್ತಾನೆ, ಅವನ ಗಿರಾಕಿಗಳ ಫೋನ್ ಸಂಖ್ಯೆಗಳೆಲ್ಲ ಅವನ ಬಳಿ ಇವೆ.

ಬುಧವಾರ ರಾತ್ರಿ ಹೆಂಡತಿ ಅಟ್ಟದಿಂದ ಒಂದು ಬಿಸ್ಕತ್ತಿನ ಡಬ್ಬ ಇಳಿಸಿದಳು. ಸ್ಪೀಡ್ ಪೋಸ್ಟಿನ ರಸೀದಿಗಳು; ಪಾರ್ಸೆಲ್ ಕಳೆದರೆ ಬೇಕಾಗುತ್ತದೆಂದು ಅವಳು ಒಂದನ್ನೂ ಎಸೆದಿರಲಿಲ್ಲ. ಪಡೆಯುವವರ ಹೆಸರು, ಊರು, ಪಿನ್ ಕೋಡು, ತೂಕ ಎಲ್ಲವೂ ಅದರಲ್ಲಿ ಇರುತ್ತದೆ. ನೆಲದ ಮೇಲೆ ಹರಡಿಕೊಂಡು ಕುಳಿತೆವು. ಮೇಲಿನ ಪದರ ಚೆನ್ನಾಗಿತ್ತು. ಕೆಳಗೆ ಹೋದಂತೆ ಅಕ್ಷರ ಬೂದಿಬಣ್ಣಕ್ಕೆ ತಿರುಗಿತ್ತು, ಇನ್ನೂ ಕೆಳಗಿನವು ಬರಿಯ ಬಿಳಿ ಚೀಟಿಗಳು. ಶಾಖಕ್ಕೆ ಕಪ್ಪಾಗುವ ಕಾಗದದ ಮೇಲೆ ಮುದ್ರಿಸುವುದರಿಂದ ಕೆಲವು ಕಾಲದ ನಂತರ ಅದು ತಾನಾಗಿಯೇ ಅಳಿಸಿಹೋಗುತ್ತದೆ. ಡಬ್ಬವನ್ನು ಅಟ್ಟದ ಹೆಂಚಿನ ಕೆಳಗೆ ಇಟ್ಟದ್ದರಿಂದ ಬೇಸಿಗೆಯ ಕಾವೂ ತಗುಲಿರಬೇಕು. ದೀಪಕ್ಕೆ ಹಿಡಿದು, ಓರೆಯಾಗಿಸಿ, 577ರಿಂದ ಶುರುವಾಗುವುದು ನಮ್ಮ ಕಡೆಯದು, 560 ಬೆಂಗಳೂರು ಎಂದು ಊಹಿಸಿ ಅವಳು ಓದುತ್ತ ಹೋದಳು, ನಾನು ಉದ್ದ ಪುಸ್ತಕದಲ್ಲಿ ಬರೆಯುತ್ತ ಹೋದೆ. ರಾತ್ರಿ ಒಂದೂವರೆಗೆ ನೂರ ನಲವತ್ತೆರಡು ಹೆಸರುಗಳಾದವು. ಅರ್ಧಕ್ಕರ್ಧ ಹೆಸರುಗಳನ್ನು ಅವಳು ರಸೀದಿ ನೋಡದೆಯೇ ಪೂರ್ತಿ ಮಾಡಿದಳು. "ಇವರು ಪೀಬೆರಿ ಮಾತ್ರ ತಗೊಳ್ಳೋದು, ಇವರ ಮಗಳ ಮದುವೆಗೆ ಐದು ಕೆ.ಜಿ. ಕಳಿಸಿದ್ವಿ, ಇವರು ಚಿಕೋರಿ ಇಲ್ಲದ್ದು ಕೇಳ್ತಾರೆ." ಮಾರ್ಕೆಟಿಂಗ್ ಮಾಡುತ್ತಿದ್ದವನು ನಾನೆಂದು ಮನೆಯಲ್ಲಿ ಎಲ್ಲರೂ ತಿಳಿದಿದ್ದೆವು.

ಆನ್‌ಲೈನಿನಲ್ಲಿ ಮಾರುವ ನನ್ನಂಥವರು ಯಾರಾದರೂ ಇದನ್ನು ಓದುತ್ತಿದ್ದರೆ, ಖಾತೆ ಯಾರ ಇಮೇಲಿನಲ್ಲಿದೆ ಎಂಬುದನ್ನು ಈಗಲೇ ಎದ್ದು ಹೋಗಿ ನೋಡಿ. ತುರ್ತಿನ ಬ್ಯಾಕಪ್ ಸಂಕೇತಗಳನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ, ಖಾತೆಯ ದತ್ತಾಂಶದ ಪ್ರತಿಯನ್ನು ಆಗಾಗ ಇಳಿಸಿಕೊಳ್ಳಿ. ಗಿರಾಕಿಯ ಹೆಸರು ಮತ್ತು ಸಂಖ್ಯೆಯನ್ನು ಅವರನ್ನು ಕೇಳಿಯೇ ಬರೆದಿಟ್ಟುಕೊಳ್ಳಿ. ಕೇಳಿಯೇ ಎಂದದ್ದು ಸೌಜನ್ಯಕ್ಕೆ ಮಾತ್ರವಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲವೇ ಒಪ್ಪಿಗೆ. ಇವೆಲ್ಲ ನನಗೆ ಮೊದಲೂ ಗೊತ್ತಿದ್ದವು, ಷಡ್ಡಕರ ತರಗತಿಯ ಟಿಪ್ಪಣಿಗಳಲ್ಲಿಯೂ ಇದ್ದವು.

ಶಿಕ್ಷಕಿಯ ಹಣವನ್ನು ಬ್ಯಾಂಕು ತಡೆಹಿಡಿದಿದೆಯೋ ಇಲ್ಲವೋ ಇನ್ನೂ ತಿಳಿದಿಲ್ಲ. ನಾನು ಕೊಡುತ್ತೇನೆಂದರೆ ಅವರು ಒಪ್ಪಲಿಲ್ಲ, ಪುಡಿ ಮುಗಿಯುತ್ತ ಬಂದಿದೆ, ಅದನ್ನು ಕಳಿಸಿ ಎಂದರು. ಶುಕ್ರವಾರ ಒಂದು ಕೆ.ಜಿ. ಕಟ್ಟಿ, ಒಳಗೆ ಇಡಲು ಚೀಟಿ ಬರೆಯಲು ಕುಳಿತೆ. ಅವರ ಹೆಸರು ಬರೆದೆ. ಮುಂದೆ ಏನು ಬರೆದರೂ ಕಳ್ಳನ ಸಂದೇಶದ ಹಾಗೆಯೇ ಕಾಣುತ್ತಿತ್ತು. ಕೊನೆಗೆ ಹೆಸರಿನ ಕೆಳಗೆ ನನ್ನ ಹೆಸರು, ಮನೆಯ ವಿಳಾಸ ಬರೆದು, ಹೆಂಡತಿಯ ಫೋನ್ ಸಂಖ್ಯೆಯನ್ನೂ ಸೇರಿಸಿ ಇಟ್ಟೆ. ಅಂಚೆ ಕಚೇರಿಯಲ್ಲಿ ಕೊಟ್ಟ ರಸೀದಿಯನ್ನು ಜೇಬಿಗೆ ಹಾಕದೆ ನೇರ ಎದುರಿನ ಜೆರಾಕ್ಸ್ ಅಂಗಡಿಗೆ ಹೋದೆ. ಇಷ್ಟು ಚಿಕ್ಕ ಚೀಟಿಗೆ ಎರಡು ಪ್ರತಿ ಯಾಕೆಂದು ಅಂಗಡಿಯ ಹುಡುಗ ಕೇಳಿದ. ಅಳಿಸಿಹೋಗುತ್ತದಪ್ಪ ಎಂದೆ.