ಕಾಳಿ ಎಂಬ ನಾಯಿಗೆ ನಿಲ್ಲಿಸಿದ ಕಲ್ಲು

ಶಾಲೆಯ ಇತಿಹಾಸದ ಪಾಠದಲ್ಲಿ ತಕ್ಕೋಲದ ಕಾಳಗಕ್ಕೆ ಎರಡು ಸಾಲು ಮೀಸಲಾಗಿತ್ತು. ರಾಷ್ಟ್ರಕೂಟರ ಮೂರನೆಯ ಕೃಷ್ಣನು ಚೋಳರನ್ನು ಸೋಲಿಸಿದನು, ಗಂಗರ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು, ಆಧಾರ ಆತಕೂರು ಶಾಸನ. ಅಷ್ಟನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಮರೆತಿದ್ದೆ. ಆ ಶಾಸನವನ್ನು ಯಾರು, ಯಾತಕ್ಕಾಗಿ ಬರೆಸಿದರೆಂದು ಪುಸ್ತಕವೂ ಹೇಳಲಿಲ್ಲ, ಕೇಳಬೇಕೆಂದು ನನಗೂ ಹೊಳೆಯಲಿಲ್ಲ. ಬಹಳ ವರ್ಷಗಳ ನಂತರ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆ ಕಲ್ಲಿನ ಮುಂದೆ ನಿಂತಾಗ ಮೊದಲು ಕಣ್ಣಿಗೆ ಬಿದ್ದುದು ಅರಸನೂ ಅಲ್ಲ, ಆನೆಯೂ ಅಲ್ಲ. ಕಾಡುಹಂದಿಯೊಂದಿಗೆ ಸೆಣಸುತ್ತಿರುವ ನಾಯಿ.

ಆತಕೂರು ಇಂದಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿದೆ; ಈಗಿನ ಬಳಕೆಯಲ್ಲಿ ಆತಗೂರು. ಶಾಸನದ ಕಾಲ ಶಕ 872ರ ಸೌಮ್ಯ ಸಂವತ್ಸರ, ಅಂದರೆ ಕ್ರಿ.ಶ. 949–50. ಶಾಸನದಲ್ಲಿ ಕನ್ನರನೆಂದು ಹೆಸರಾದ ಕೃಷ್ಣನು ಇಂದಿನ ತಮಿಳುನಾಡಿನ ಅರಕ್ಕೋಣಂ ಬಳಿಯ ತಕ್ಕೋಲದಲ್ಲಿ ಪರಾಂತಕನ ಮಗ ರಾಜಾದಿತ್ಯನೊಡನೆ ಕಾದಿದನು. ಕೃಷ್ಣನ ಭಾವಮೈದುನನೂ ಆಗಿದ್ದ ಬೂತುಗನು ರಾಜಾದಿತ್ಯನನ್ನು ಕೊಂದುದಕ್ಕೆ ಮೆಚ್ಚುಗೆಯಾಗಿ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಎಂಬ ನಾಡುಗಳನ್ನು ಪಡೆದನು; ಹೆಸರಿನ ಜೊತೆಗಿನ ಸಂಖ್ಯೆ ಆ ನಾಡಿನ ಹಳ್ಳಿಗಳ ಲೆಕ್ಕವೆನ್ನುತ್ತಾರೆ. ಈ ಕೊಲೆಯನ್ನು ವರ್ಣಿಸುವ ಮಾತಿನ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ನಡೆದಿದೆ. ಬೂತುಗನು ಅಪ್ಪಿಕೊಳ್ಳುವ ನೆಪದಲ್ಲಿ ಮೋಸದಿಂದ ಇರಿದನೆಂದು ಮೊದಮೊದಲು ಅರ್ಥ ಮಾಡಲಾಗಿತ್ತು. ಆನೆಯ ಮೇಲಿನ ಅಂಬಾರಿಯನ್ನೇ ರಣಕಳವಾಗಿ ಮಾಡಿಕೊಂಡು ಸುರಗಿ ಎಂಬ ಕಿರುಗತ್ತಿಯಿಂದ ಇರಿದನೆಂಬುದು ಆಮೇಲೆ ಬಂದ ತಿದ್ದುಪಡಿ. ಎರಡು ಮೂರು ಅಕ್ಷರಗಳ ಓದಿನಲ್ಲಿ ಒಬ್ಬ ಅರಸನು ಸಾವಿರ ವರ್ಷಗಳ ಬಳಿಕ ವಂಚಕನಾಗಿ, ಮತ್ತೆ ವೀರನಾದುದು ನನಗಂತೂ ಸೋಜಿಗವೆನಿಸುತ್ತದೆ.

ಇಷ್ಟೆಲ್ಲ ಹೇಳಿದರೂ ಕಲ್ಲು ನಿಂತಿರುವುದು ಬೂತುಗನಿಗಾಗಿ ಅಲ್ಲ. ಬೂತುಗನ ಬಳಿ ಮಣಲೆರನೆಂಬ ಭಟನಿದ್ದನು. ಆ ಯುದ್ಧದಲ್ಲಿ ಅವನು ತೋರಿದ ಪರಾಕ್ರಮಕ್ಕೆ ಮೆಚ್ಚಿದ ಬೂತುಗನು ‘ಬೇಡಿಕೋ’ ಎಂದನು. ಊರು, ಹೊನ್ನು, ಪದವಿ ಏನನ್ನಾದರೂ ಕೇಳಬಹುದಾಗಿದ್ದ ಆ ಗಳಿಗೆಯಲ್ಲಿ ಮಣಲೆರನು ಕೇಳಿದ್ದು ಅರಸನ ಬೇಟೆನಾಯಿಯನ್ನು. ಅದರ ಹೆಸರು ಕಾಳಿ. ಆತಕೂರು ಹನ್ನೆರಡು ಮತ್ತು ಬೆಳ್ವೊಲದ ಒಂದೂರು ಅವನಿಗೆ ಬಾಳ್ಗಚ್ಚಾಗಿಯೂ ದೊರೆತವು. ಬಾಳ್ ಎಂದರೆ ಕತ್ತಿ, ಕಚ್ಚು ಎಂದರೆ ತೊಳೆ. ಕಾದಿ ಬಂದವನ ಕತ್ತಿಯನ್ನು ತೊಳೆದು ಕೊಡುವ ದತ್ತಿಗೆ ಇಷ್ಟು ಚೆಲುವಾದ ಕನ್ನಡ ಹೆಸರಿತ್ತು.

ಮುಂದಿನ ಕಥೆ ಚಿಕ್ಕದು. ಕೆಲಲೆ ನಾಡಿನ ಬೆಳತೂರಿನ ಪಡುವಣ ಗುಡ್ಡದಲ್ಲಿ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ಎರಡೂ ‘ಒಡಸತ್ತುವು’, ಅಂದರೆ ಒಟ್ಟಿಗೇ ಸತ್ತವು. ಈ ಒಂದು ಕ್ರಿಯಾಪದವನ್ನು ಇಂದಿನ ಕನ್ನಡದಲ್ಲಿ ಅಷ್ಟೇ ಬಿಗಿಯಾಗಿ ಹೇಳಲು ನಾನು ಹಲವು ಸಲ ಪ್ರಯತ್ನಿಸಿ ಸೋತಿದ್ದೇನೆ. ಆ ಸಾವಿನ ನೆನಪಿಗಾಗಿ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣನ್ನು, ಅಂದರೆ ಅಷ್ಟು ಬೀಜ ಬಿತ್ತುವ ಭೂಮಿಯನ್ನು, ದತ್ತಿಯಾಗಿ ಬಿಟ್ಟರು.

ನಮ್ಮ ಊರೂರುಗಳ ಹೊರಗೆ, ಕೆರೆಯ ಏರಿಯ ಮೇಲೆ, ಗುಡಿಯ ಪಕ್ಕದಲ್ಲಿ ನಿಂತಿರುವ ವೀರಗಲ್ಲುಗಳ ಸಾಮಾನ್ಯ ರೂಪ ಬಹಳ ಜನರಿಗೆ ಗೊತ್ತು: ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ, ತುದಿಯಲ್ಲಿ ಸೂರ್ಯಚಂದ್ರರು. ತುರುಗೊಳ್ ಎಂಬ ದನಗಳ ಸುಲಿಗೆಯನ್ನು ತಡೆಯುತ್ತ, ಊರಳಿವಿನಲ್ಲಿ ಊರನ್ನು ಕಾಯುತ್ತ, ಪೆಣ್ಬುಯ್ಯಲ್ ಎಂಬ ಹೆಂಗಸರ ಮೊರೆಗೆ ಓಗೊಟ್ಟು ಸತ್ತವರೇ ಇವುಗಳಲ್ಲಿ ಹೆಚ್ಚು. ಅದೇ ಸಾಲಿನಲ್ಲಿ ಪ್ರಾಣಿಗೂ ಎಡೆಯಿತ್ತೆಂಬುದು ಆತಕೂರಿನ ಮಟ್ಟಿಗೆ ಮಾತ್ರ ನಿಜವಲ್ಲ. ತಮಿಳುನಾಡಿನ ತಿರುವಣ್ಣಾಮಲೈ ಸೀಮೆಯ ಎಡುತ್ತನೂರಿನಲ್ಲಿ ಪಲ್ಲವ ಮಹೇಂದ್ರವರ್ಮನ ಕಾಲದ ಕಲ್ಲೊಂದಿದೆ. ಅದರಲ್ಲಿ ವೀರನ ಪಕ್ಕದಲ್ಲಿ ಕೋವಿವನ್ ಎಂಬ ನಾಯಿ ನಿಂತಿದೆ, ಅದು ಇಬ್ಬರು ಕಳ್ಳರನ್ನು ಕಚ್ಚಿ ಕಾವಲು ಕಾಯಿತೆಂದು ಬರೆದಿದೆ. ವಿಳುಪ್ಪುರಂ ಕಡೆಯ ಅರಸಲಾಪುರದಲ್ಲಿ ಕಾಳಗದ ಹುಂಜಕ್ಕೇ ಒಂದು ಕಲ್ಲುಂಟು. ಆದರೆ ಬೇಟೆನಾಯಿಯ ಸ್ಮಾರಕಕ್ಕೆ ಎರಡು ಸಾಮ್ರಾಜ್ಯಗಳ ಯುದ್ಧವನ್ನು ಪೀಠಿಕೆಯಾಗಿಸಿದ ಉದಾಹರಣೆ ನನಗೆ ತಿಳಿದಂತೆ ಇದೊಂದೇ. ತಕ್ಕೋಲದ ಸುದ್ದಿಗೆ ನಾವು ಈ ನಾಯಿಯ ಋಣದಲ್ಲಿದ್ದರೂ ಪಾಠ ಬರೆದವರು ಸುದ್ದಿಯನ್ನು ಇಟ್ಟುಕೊಂಡು ನಾಯಿಯನ್ನು ಹೊರಗೆ ಬಿಟ್ಟರು.

ಶಾಸನದ ಕೊನೆಯ ಭಾಗ ನನಗೆ ಎಲ್ಲಕ್ಕಿಂತ ಪ್ರಿಯವಾದುದು. ದತ್ತಿಯ ಭೂಮಿಯನ್ನು ಕೆಡಿಸಿದವರಿಗೆ ಪಾಪ ತಗಲುತ್ತದೆಂಬ ಶಾಪ ಬಹುತೇಕ ದತ್ತಿಶಾಸನಗಳಲ್ಲಿ ಇರುತ್ತದೆ. ಇಲ್ಲಿಯೂ ಆ ನಾಯಿಯ ಪಾಪವನ್ನು ಹೊರಲೆಂದು ಶಪಿಸಲಾಗಿದೆ. ಅದರ ಜೊತೆಗೆ ಗುಡಿಯ ಗೊರವನಿಗೂ ಒಂದು ಕಟ್ಟಳೆಯಿದೆ. ಗೊರವನೆಂದರೆ ಅಂದಿನ ಶೈವ ಅರ್ಚಕ. ಇಂದು ಮೈಲಾರಲಿಂಗನ ಒಕ್ಕಲಾಗಿ, ಡೋಣಿ ಎಂಬ ಪಾತ್ರೆಯ ಸುತ್ತ ನಾಯಿಯಂತೆ ಬೊಗಳುತ್ತ ಪ್ರಸಾದ ಉಣ್ಣುವ ಗೊರವಯ್ಯಗಳ ನೆನಪು ಇಲ್ಲಿ ಬಾರದಿರದು, ಆದರೆ ಆ ಎರಡನ್ನೂ ಗಂಟುಹಾಕುವ ಆಸೆಯನ್ನು ನಾನು ತಡೆದುಕೊಂಡಿದ್ದೇನೆ. ಆತಕೂರಿನ ಗೊರವನಿಗೆ ಹೇಳಿದ್ದು ಇಷ್ಟೇ: ಆ ಕಲ್ಲಿಗೆ ಪೂಜೆ ಮಾಡದೆ ಅವನು ಊಟ ಮಾಡಕೂಡದು.